ಲೊಕೇಶನ್ ಆಫ್ ಮಾಡಿದರೂ ಟವರಿಗೆ ಗೊತ್ತು

2014ರ ಜನವರಿ 21. ಉಕ್ರೇನಿನ ರಾಜಧಾನಿ ಕೀವ್‌ನಲ್ಲಿ ಮೂಳೆ ಕೊರೆಯುವ ಚಳಿ. ಸರ್ಕಾರದ ವಿರುದ್ಧ ಬೀದಿಗಿಳಿದ ಜನ ಒಂದು ಕಡೆ, ಪೊಲೀಸರು ಇನ್ನೊಂದು ಕಡೆ. ಆ ಜಾಗದ ಆಸುಪಾಸಿನಲ್ಲಿದ್ದವರ ಮೊಬೈಲ್‌ಗಳಿಗೆ ಇದ್ದಕ್ಕಿದ್ದಂತೆ ಒಂದು ಎಸ್ಸೆಮ್ಮೆಸ್ ಬಂತು. ಪ್ರಿಯ ಚಂದಾದಾರರೇ, ಸಾಮೂಹಿಕ ದೊಂಬಿಯಲ್ಲಿ ಪಾಲ್ಗೊಂಡವರೆಂದು ನಿಮ್ಮನ್ನು ನೋಂದಾಯಿಸಲಾಗಿದೆ ಎಂಬ ಅರ್ಥದ ಒಂದೇ ಸಾಲು. ಪ್ರತಿಭಟನೆಗಳಿಗೆ ಅಂಕುಶ ಹಾಕುವ ಹೊಸ ಕಾನೂನು ಜಾರಿಗೆ ಬಂದದ್ದೂ ಅದೇ ಹೊತ್ತಿಗೆ. ಮೊಬೈಲ್ ಕಂಪನಿಗಳು ಸಂದೇಶ ತಮ್ಮದಲ್ಲ ಎಂದವು. ಯಾರೋ ನಕಲಿ ಟವರ್ ಬಳಸಿ ಕಳಿಸಿರಬಹುದು ಎಂದು ಕೀವ್‌ಸ್ಟಾರ್ ಕಂಪನಿ ಹೇಳಿತು.

ಯಾರೂ ಅವರ ಹೆಸರು ಕೇಳಿರಲಿಲ್ಲ, ಗುರುತಿನ ಚೀಟಿ ನೋಡಿರಲಿಲ್ಲ. ಜೇಬಿನಲ್ಲಿದ್ದ ಫೋನೇ ಅವರು ಅಲ್ಲಿದ್ದಾರೆಂದು ಹೇಳಿತ್ತು.

ಪ್ರತಿಭಟನೆಗೋ ಧರಣಿಗೋ ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಲೊಕೇಶನ್ ಆಫ್ ಮಾಡಿದರೆ ಸಾಕಲ್ಲವೇ? ಸಾಲದು. ಫೋನಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಗಳಲ್ಲೆಲ್ಲ ಇದರಷ್ಟು ಗಟ್ಟಿಯಾಗಿ ಬೇರೂರಿದ್ದು ಬೇರೊಂದಿಲ್ಲ. ಅದನ್ನು ಬಿಡಿಸಲು ಹೊರಟರೆ ಈ ಪುಟ್ಟ ಯಂತ್ರದೊಳಗಿನ ಒಂದು ಅದ್ಭುತವೇ ಎದುರಾಗುತ್ತದೆ.

ಮೊದಲು ಜಿಪಿಎಸ್. ಇದರ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ನಾನು ಇಲ್ಲಿದ್ದೇನೆ, ಈಗ ಗಂಟೆ ಇಷ್ಟು ಎಂದು ಸಾರುತ್ತಲೇ ಇರುತ್ತವೆ. ಫೋನು ಕನಿಷ್ಠ ನಾಲ್ಕು ಉಪಗ್ರಹಗಳ ಮಾತು ಕೇಳಿಸಿಕೊಂಡು, ಯಾವುದರ ಸಂಕೇತ ಎಷ್ಟು ತಡವಾಗಿ ಬಂತೆಂದು ಲೆಕ್ಕ ಹಾಕಿ, ತಾನಿರುವ ಜಾಗವನ್ನು ತಾನೇ ಕಂಡುಕೊಳ್ಳುತ್ತದೆ. ತಿರುಗಿ ಒಂದಕ್ಷರವನ್ನೂ ಹೇಳುವುದಿಲ್ಲ. ಊರಿನಲ್ಲಿ ಯಾರ ಮನೆಯ ರೇಡಿಯೊ ಹಾಡುತ್ತಿದೆ ಎಂದು ಆಕಾಶವಾಣಿಗೆ ಹೇಗೆ ಗೊತ್ತಿಲ್ಲವೋ, ಹಾಗೆ ಯಾರು ಎಲ್ಲಿದ್ದಾರೆಂದು ಜಿಪಿಎಸ್ ಉಪಗ್ರಹಕ್ಕೂ ಗೊತ್ತಿಲ್ಲ. ಹಾಸನದ ಮಾಸ್ಟರ್ ಕಂಟ್ರೋಲ್ ಕೇಂದ್ರ ನೋಡಿಕೊಳ್ಳುವ ನಮ್ಮದೇ ನಾವಿಕ್ ಉಪಗ್ರಹಗಳ ಮಾತೂ ಇದೇ. ಜಾಗದ ಮಾಹಿತಿ ಹೊರಗೆ ಹೋಗುವುದು ಫೋನಿನಲ್ಲಿರುವ ಆ್ಯಪ್‌ಗಳಿಂದ. ಲೊಕೇಶನ್ ಬಟನ್ ಆಫ್ ಮಾಡಿದಾಗ ಬೀಗ ಬೀಳುವುದು ಆ ಒಂದು ಬಾಗಿಲಿಗೆ ಮಾತ್ರ.

ಟವರಿನ ಕಥೆ ಬೇರೆ. ಅಲ್ಲಿ ನಡೆಯುವುದು ಎರಡೂ ಕಡೆಯ ಮಾತುಕತೆ.

ಹಳೆಯ 2ಜಿ ಜಾಲದಲ್ಲಿ ಒಂದೇ ತರಂಗಾಂತರವನ್ನು ಎಂಟು ಫೋನುಗಳು ಸರದಿಯ ಮೇಲೆ ಹಂಚಿಕೊಳ್ಳುತ್ತವೆ. ಒಂದೊಂದಕ್ಕೂ ಸಿಗುವ ಸಮಯ 577 ಮೈಕ್ರೊಸೆಕೆಂಡು, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಟವರಿನ ಬುಡದಲ್ಲಿರುವ ಫೋನಿನ ಸಂಕೇತ ಕ್ಷಣದಲ್ಲಿ ತಲುಪುತ್ತದೆ. ಹತ್ತು ಕಿಲೋಮೀಟರ್ ಆಚೆಯದ್ದು, ಬೆಳಕಿನ ವೇಗದಲ್ಲೇ ಬಂದರೂ ತುಸು ತಡ. ಆ ತುಸು ತಡದಿಂದಲೇ ಅದು ಮುಂದಿನ ಫೋನಿನ ಸರದಿಯೊಳಗೆ ನುಗ್ಗಿ ಎರಡರ ಮಾತೂ ಕಲಸಿಹೋಗಬಹುದು. ಇದಕ್ಕೆ ಎಂಜಿನಿಯರುಗಳು ಕಂಡುಕೊಂಡ ಉಪಾಯ ಬಹಳ ಚೆಂದ. ಪ್ರತಿ ಫೋನಿನ ಸಂಕೇತ ಎಷ್ಟು ತಡವಾಗಿ ಬಂತೆಂದು ಟವರ್ ಅಳೆದು, ನೀನು ಇಷ್ಟು ಬೇಗ ಮಾತು ಶುರು ಮಾಡು ಎಂದು ಒಂದು ಅಂಕಿ ಕಳಿಸುತ್ತದೆ. ಅದು 0ಯಿಂದ 63ರವರೆಗಿನ ಯಾವುದಾದರೂ ಸಂಖ್ಯೆ. ಒಂದೊಂದು ಮೆಟ್ಟಿಲೂ ಸುಮಾರು 550 ಮೀಟರ್ ದೂರಕ್ಕೆ ಸಮ. ಎಲ್ಲ ಮೆಟ್ಟಿಲುಗಳನ್ನೂ ಕೂಡಿಸಿದರೆ 35 ಕಿಲೋಮೀಟರ್. 2ಜಿ ಟವರೊಂದು ಸಾಮಾನ್ಯವಾಗಿ ಅದಕ್ಕಿಂತ ದೂರದ ಫೋನಿನೊಂದಿಗೆ ಮಾತಾಡಲಾರದು ಎನ್ನುವುದಕ್ಕೆ ಕಾರಣವೂ ಇದೇ ಲೆಕ್ಕ.

ಗಮನಿಸಬೇಕಾದ್ದು ಇಲ್ಲೇ. ಯಾರನ್ನೋ ಹಿಂಬಾಲಿಸಲೆಂದು ಯಾರೂ ಇದನ್ನು ಮಾಡಲಿಲ್ಲ. ಕರೆ ಕಡಿಯದಿರಲಿ ಎಂದು ಮಾಡಿದರು. ಆದರೆ ಫೋನು ಎಷ್ಟು ದೂರದಲ್ಲಿದೆ ಎಂಬುದು ಟವರಿಗೆ ತಿಳಿಯದೆ ಜಾಲ ಕೆಲಸವನ್ನೇ ಮಾಡದು. 4ಜಿಯಲ್ಲಿ ಆ ಮೆಟ್ಟಿಲು ಸುಮಾರು 78 ಮೀಟರಿಗೆ ಇಳಿದಿದೆ. ಒಂದು ಟವರಿನಲ್ಲಿ ಸಾಮಾನ್ಯವಾಗಿ ಮೂರು ದಿಕ್ಕಿಗೆ ಮೂರು ಆ್ಯಂಟೆನಾ ಗುಂಪುಗಳಿರುವುದರಿಂದ ಯಾವ ದಿಕ್ಕು ಎಂಬುದೂ ತಿಳಿಯುತ್ತದೆ. ದಿಕ್ಕು, ದೂರ ಎರಡೂ ಸೇರಿದರೆ ನಕ್ಷೆಯ ಮೇಲೆ ಒಂದು ಕಿರಿದಾದ ಬಿಲ್ಲು ಮೂಡುತ್ತದೆ. ಲೊಕೇಶನ್ ಬಟನ್ನಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಯಾರಿಗೂ ಕರೆ ಮಾಡದೆ ಸುಮ್ಮನೆ ಜೇಬಿನಲ್ಲಿಟ್ಟುಕೊಂಡರೆ? ಆಗ ಫೋನು ಎಡೆಬಿಡದೆ ಮಾತಾಡುವುದಿಲ್ಲ, ನಿಜ. ಆದರೂ ಹಲವು ಟವರುಗಳು ಸೇರಿದ ಒಂದು ವಲಯದಿಂದ ಇನ್ನೊಂದಕ್ಕೆ ದಾಟಿದಾಗ, ಮತ್ತು ಆಗಾಗ ತಾನಾಗಿಯೇ, ಹಾಜರಿ ಹಾಕುತ್ತದೆ. ಡೇಟಾ ಆನ್ ಇದ್ದರಂತೂ ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳ ದೆಸೆಯಿಂದ ಅದಕ್ಕೆ ಬಿಡುವೇ ಇಲ್ಲ.

ಹಾಜರಿಯಲ್ಲಿ ಹೋಗುವ ಗುರುತು ಎರಡು. ಒಂದು, ಸಿಮ್‌ನಲ್ಲಿರುವ ಐಎಂಎಸ್‌ಐ ಎಂಬ ಸಂಖ್ಯೆ. ಸಾಮಾನ್ಯವಾಗಿ 15 ಅಂಕಿಗಳದ್ದು, ಭಾರತದ್ದಾದರೆ 404 ಅಥವಾ 405ರಿಂದ ಶುರು. ಇನ್ನೊಂದು, ಫೋನಿನದೇ ಆದ ಐಎಂಇಐ. ಹೊಸ ಸಿಮ್ ಹಾಕಿಕೊಂಡರೆ ಯಾರಿಗೂ ತಿಳಿಯದು ಎನ್ನುವವರು ಈ ಎರಡನೆಯದನ್ನು ಮರೆಯುತ್ತಾರೆ. ಐಎಂಎಸ್‌ಐಯನ್ನು ಗಾಳಿಯಲ್ಲಿ ಬಿಡಬಾರದು ಎಂಬ ಎಚ್ಚರ 2ಜಿ ರೂಪಿಸಿದವರಿಗೂ ಇತ್ತು. ಅದಕ್ಕೇ ಜಾಲ ಪ್ರತಿ ಫೋನಿಗೂ ಒಂದು ತಾತ್ಕಾಲಿಕ ಸಂಖ್ಯೆ ಕೊಡುತ್ತದೆ. ಅವರು ಬಿಟ್ಟ ಲೋಪ ಬೇರೆಡೆ ಇದೆ. 2ಜಿಯಲ್ಲಿ ಫೋನು ತಾನು ಅಸಲಿ ಎಂದು ಟವರಿಗೆ ರುಜುವಾತು ಮಾಡಬೇಕು. ಟವರ್ ಫೋನಿಗೆ ಮಾಡಬೇಕಾಗಿಲ್ಲ. ಹಾಗಾಗಿ ಒಂದು ಪೆಟ್ಟಿಗೆಯನ್ನು ವ್ಯಾನಿನಲ್ಲಿಟ್ಟು, ಜೋರಾದ ಸಂಕೇತ ಹೊರಡಿಸಿ, ನಾನೇ ಟವರ್ ಎಂದರೆ ಹತ್ತಿರದ ಫೋನುಗಳು ನಂಬಿ ನಿಜವಾದ ಸಂಖ್ಯೆ ಒಪ್ಪಿಸಿಬಿಡುತ್ತವೆ. ಅಮೆರಿಕದ ಪೊಲೀಸರು ಬಳಸಿದ ಇಂಥ ಯಂತ್ರವೊಂದರ ಹೆಸರು ಸ್ಟಿಂಗ್‌ರೇ. ಕೀವ್‌ಸ್ಟಾರ್ ಶಂಕಿಸಿದ್ದು ಈ ಬಗೆಯ ಪೆಟ್ಟಿಗೆಯನ್ನೇ. 3ಜಿಯಿಂದೀಚೆಗೆ ಟವರೂ ರುಜುವಾತು ಮಾಡಬೇಕು. 5ಜಿಯ ನಿಯಮಗಳಂತೂ ಐಎಂಎಸ್‌ಐಯನ್ನು ಗೂಢಲಿಪಿಯಲ್ಲಿ ಸುತ್ತಿ ಕಳಿಸಲು ಅನುವು ಮಾಡಿಕೊಟ್ಟಿವೆ. ಆದರೆ ಫೋನನ್ನು ಹೇಗಾದರೂ 2ಜಿಗೆ ಇಳಿಸಿದರೆ ಹಳೆಯ ರೋಗ ಮತ್ತೆ ಅಂಟುತ್ತದೆ. ಆಂಡ್ರಾಯ್ಡ್ 12ರ ನಂತರದ ಹಲವು ಫೋನುಗಳಲ್ಲಿ 2ಜಿಯನ್ನೇ ಮುಚ್ಚುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಐಫೋನಿನಲ್ಲಿ ಐಒಎಸ್ 17ರಿಂದ ಲಾಕ್‌ಡೌನ್ ಮೋಡ್ ಆ ಕೆಲಸ ಮಾಡುತ್ತದೆ. ಹುಡುಕಿ ಹಾಕಿಕೊಳ್ಳುವುದು ಒಳ್ಳೆಯದು.

ನಕಲಿ ಟವರ್ ಇಲ್ಲದೆಯೂ ಪಟ್ಟಿ ಸಿದ್ಧವಾಗುತ್ತದೆ. ಒಂದು ಜಾಗದ ಟವರುಗಳಲ್ಲಿ ಇಂತಿಷ್ಟು ಹೊತ್ತಿನಲ್ಲಿ ಯಾವ ಯಾವ ನಂಬರುಗಳಿದ್ದವು ಎಂದು ಕಂಪನಿಗಳಿಂದ ಒಟ್ಟಾಗಿ ತರಿಸಿಕೊಳ್ಳುವುದಕ್ಕೆ ನಮ್ಮ ಪೊಲೀಸರ ಬಾಯಲ್ಲಿ ಟವರ್ ಡಂಪ್ ಎಂದು ಹೆಸರು. ಕೊಲೆ, ದರೋಡೆ ಪತ್ತೆಗೆ ಇದು ಬೇಕಾದದ್ದೇ. ಆದರೆ ಅದೇ ಬಲೆ ಪ್ರತಿಭಟನೆಯ ಮೇಲೂ ಬೀಳಬಲ್ಲದು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ 2011ರ ಫೆಬ್ರವರಿಯಲ್ಲಿ ನವನಾಜಿಗಳ ಮೆರವಣಿಗೆಗೆ ವಿರೋಧ ತೋರಲು ಸಾವಿರಾರು ಜನ ಸೇರಿದಾಗ ಪೊಲೀಸರು ಹೀಗೆ ಲಕ್ಷಗಟ್ಟಲೆ ದಾಖಲೆಗಳನ್ನು ಬಾಚಿಕೊಂಡರು. ಆ ಬೀದಿಗಳಲ್ಲಿ ಸುಮ್ಮನೆ ವಾಸವಿದ್ದವರೂ ಅದರಲ್ಲಿ ಸಿಕ್ಕಿಬಿದ್ದರು. ಭಾರತದಲ್ಲಿ ಕರೆ ದಾಖಲೆಗಳನ್ನು, ಅಂದರೆ ಸಿಡಿಆರ್‌ಗಳನ್ನು, ಕಂಪನಿಗಳು ಕನಿಷ್ಠ ಎರಡು ವರ್ಷ ಇಟ್ಟುಕೊಳ್ಳಬೇಕೆಂದು 2021ರ ಡಿಸೆಂಬರಿನಲ್ಲಿ ಪರವಾನಗಿ ಷರತ್ತು ಬದಲಾಯಿತು. ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಇವತ್ತು ಧರಣಿ ಕೂತು ಮಾಡಿದ ಒಂದು ಕರೆಯ ಗುರುತು ಎರಡು ವರ್ಷದಾಚೆಗೂ ಉಳಿದಿರಬಹುದು.

ಹೆಸರಿಲ್ಲದ ದತ್ತಾಂಶದಿಂದ ಏನಾಗುತ್ತದೆ ಎನ್ನುವವರಿಗೆ 2013ರ ಒಂದು ಅಧ್ಯಯನ ಉತ್ತರ ಕೊಟ್ಟಿದೆ. ಈವ್-ಅಲೆಕ್ಸಾಂಡರ್ ದ ಮಾಂಟ್ಜೋಯ್ ಮತ್ತು ಸಂಗಡಿಗರು 15 ಲಕ್ಷ ಜನರ 15 ತಿಂಗಳ ಟವರ್ ದಾಖಲೆಗಳನ್ನು ಜಾಲಾಡಿದರು. ಒಬ್ಬ ವ್ಯಕ್ತಿ ಯಾವ ಹೊತ್ತಿನಲ್ಲಿ ಎಲ್ಲಿದ್ದ ಎಂಬ ನಾಲ್ಕೇ ನಾಲ್ಕು ಸುಳಿವುಗಳಿದ್ದರೆ ನೂರರಲ್ಲಿ 95 ಮಂದಿಯ ಜಾಡನ್ನು ಉಳಿದೆಲ್ಲರಿಂದ ಬೇರ್ಪಡಿಸಬಹುದು ಎಂದು ಅವರಿಗೆ ಕಂಡಿತು. ಮನೆ, ಕೆಲಸದ ಜಾಗ, ಮಗುವಿನ ಶಾಲೆ, ಒಂದು ಸಂಜೆಯ ಮೆರವಣಿಗೆ. ಇಷ್ಟೇ ಸಾಕು.

ಪೊಲೀಸರೇ ಆಗಬೇಕೆಂದೂ ಇಲ್ಲ. 2020ರಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯ ವಿರುದ್ಧ ಅಮೆರಿಕ ಸಿಡಿದೆದ್ದಾಗ ಮೊಬೈಲ್‌ವಾಲಾ ಎಂಬ ಕಂಪನಿ ನಾಲ್ಕು ನಗರಗಳ ಪ್ರತಿಭಟನೆಗಳಲ್ಲಿದ್ದ ಸುಮಾರು 17 ಸಾವಿರ ಫೋನುಗಳನ್ನು ವಿಶ್ಲೇಷಿಸಿ, ಅವುಗಳ ಒಡೆಯರ ವಯಸ್ಸು, ಲಿಂಗ, ಜನಾಂಗದ ಅಂದಾಜನ್ನು ಪ್ರಕಟಿಸಿತು. ಆ ಮಾಹಿತಿ ಬಂದದ್ದು ಜಾಹೀರಾತು ವ್ಯವಹಾರದ ಮೂಲಕ. ನ್ಯಾಯಾಲಯದ ವಾರಂಟ್ ಬೇಡ, ಟವರ್ ಬೇಡ. ಲೊಕೇಶನ್ ಬಟನ್ ನಿಜವಾಗಿ ಕೆಲಸಕ್ಕೆ ಬರುವುದು ಈ ವ್ಯಾಪಾರದ ಎದುರು. ಆದ್ದರಿಂದ ಅದನ್ನು ಆಫ್ ಮಾಡಬೇಕು, ಅದೊಂದೇ ಸಾಕೆಂದು ಮಾತ್ರ ನಂಬಬಾರದು.

ಇನ್ನು ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಮಂತ್ರಗಳು. ಸ್ಟಾರ್ ಹ್ಯಾಶ್ 21 ಹ್ಯಾಶ್ ಒತ್ತಿದರೆ ನಿಮ್ಮ ಫೋನನ್ನು ಯಾರಾದರೂ ಕದ್ದು ಕೇಳುತ್ತಿದ್ದಾರೆಯೇ ಎಂದು ತಿಳಿಯುತ್ತದಂತೆ. ಅಪ್ಪಟ ಸುಳ್ಳು. ಆ ಸಂಕೇತ ತೋರಿಸುವುದು ನಿಮ್ಮ ಕರೆಗಳು ಬೇರೆ ನಂಬರಿಗೆ ಫಾರ್ವರ್ಡ್ ಆಗುತ್ತಿವೆಯೇ ಎಂಬುದನ್ನಷ್ಟೇ. ಕಾನೂನಿನ ಆದೇಶದ ಮೇಲೆ ಕಂಪನಿಯ ಯಂತ್ರಗಳಲ್ಲೇ ನಡೆಯುವ ಕದ್ದಾಲಿಕೆ ಯಾವ ಬಟನ್ ಒತ್ತಿದರೂ ಕಾಣುವುದಿಲ್ಲ. ಬ್ಯಾಟರಿ ಬೇಗ ಇಳಿದರೆ, ಫೋನು ಬಿಸಿಯಾದರೆ ಟ್ಯಾಪ್ ಆಗಿದೆ ಎನ್ನುವುದೂ ಅಷ್ಟೇ ಪೊಳ್ಳು. ಜನಜಂಗುಳಿಯಲ್ಲಿ ಸಿಗ್ನಲ್ಲಿಗಾಗಿ ಒದ್ದಾಡುವ ಎಲ್ಲ ಫೋನುಗಳೂ ಬಿಸಿಯಾಗುತ್ತವೆ. ಇಂಥವನ್ನು ಹತ್ತು ಜನಕ್ಕೆ ಕಳಿಸುವವರು ಅವರಿಗೆ ಉಪಕಾರ ಮಾಡುತ್ತಿಲ್ಲ, ಸುಳ್ಳು ಧೈರ್ಯ ಹಂಚುತ್ತಿದ್ದಾರೆ.

ಹಾಗಾದರೆ ಮಾಡುವುದೇನು? ಎಲ್ಲಕ್ಕಿಂತ ಗಟ್ಟಿಯಾದದ್ದು ಫೋನನ್ನು ಮನೆಯಲ್ಲಿ ಬಿಟ್ಟು ಹೋಗುವುದು. ಆದರೆ ಒಬ್ಬಳೇ ಹೋಗುವ ಹೆಣ್ಣುಮಗಳಿಗೆ, ಔಷಧಿಯ ಮೇಲಿರುವ ಹಿರಿಯರಿಗೆ ಈ ಸಲಹೆ ಕೊಡುವುದು ಸುಲಭವಲ್ಲ. ಅವರಿಗೆ ಫೋನೇ ರಕ್ಷಣೆ. ಒಯ್ಯುವುದಾದರೆ ಮನೆಯಿಂದ ಹೊರಡುವಾಗಲೇ ಫ್ಲೈಟ್ ಮೋಡ್‌ಗೆ ಹಾಕಿ, ಬೇಕಾದಾಗ ಮಾತ್ರ ತೆಗೆಯಬಹುದು. ಫ್ಲೈಟ್ ಮೋಡ್ ಹಾಕಿದರೂ ವೈಫೈ, ಬ್ಲೂಟೂತ್ ಕೆಲವು ಫೋನುಗಳಲ್ಲಿ ಆನ್ ಆಗಿಯೇ ಉಳಿಯುತ್ತವೆ, ಅವನ್ನು ಬೇರೆಯಾಗಿ ಆರಿಸಬೇಕು. ಐಫೋನ್ 11ರಿಂದೀಚಿನ ಹೆಚ್ಚಿನ ಐಫೋನುಗಳು ಸ್ವಿಚ್ ಆಫ್ ಆದಮೇಲೂ ಕಳೆದುಹೋದರೆ ಸಿಗಲೆಂದು ಬ್ಲೂಟೂತ್‌ನಲ್ಲಿ ಸಣ್ಣಗೆ ಸುಳಿವು ಕೊಡಬಲ್ಲವು. ಅದನ್ನೂ ಆರಿಸಲು ಬರುತ್ತದೆ.

ಬೆರಳಚ್ಚು, ಮುಖದ ಬೀಗ ತೆಗೆದು ಆರು ಅಂಕಿಗಿಂತ ಉದ್ದದ ಪಾಸ್‌ವರ್ಡ್ ಇಡಿ. ತಳ್ಳಾಟದಲ್ಲಿ ಯಾರಾದರೂ ಬೆರಳು ಹಿಡಿದು ಒತ್ತಿಸಬಹುದು, ಪಾಸ್‌ವರ್ಡನ್ನು ಹಾಗೆ ತೆಗೆಯಲಾಗದು. ಸ್ವಿಚ್ ಆಫ್ ಆಗಿದ್ದ ಫೋನು ಮೊದಲ ಸಲ ಪಾಸ್‌ವರ್ಡ್ ಪಡೆಯುವ ತನಕ ಒಳಗಿನ ಹೆಚ್ಚಿನ ಮಾಹಿತಿಯ ಕೀಲಿಯೇ ಸ್ಮೃತಿಗೆ ಬಂದಿರುವುದಿಲ್ಲ. ಯಂತ್ರ ಹಚ್ಚಿ ಮಾಹಿತಿ ತೆಗೆಯುವವರಿಗೆ ಇದು ಬಲು ಕಷ್ಟದ ಸ್ಥಿತಿ. ಆದ್ದರಿಂದ ಫೋನು ಕೈತಪ್ಪುವ ಸೂಚನೆ ಕಂಡರೆ ಸ್ವಿಚ್ ಆಫ್ ಮಾಡುವುದು ಜಾಣತನ.

ಫೋಟೊ ತೆಗೆಯುವವರ ಹೊಣೆ ಇನ್ನೂ ದೊಡ್ಡದು. ಪಕ್ಕದಲ್ಲಿ ನಿಂತವರ ಮುಖ ಅವರ ಅನುಮತಿಯಿಲ್ಲದೆ ಇನ್‌ಸ್ಟಾಗ್ರಾಂ ಸೇರಬಾರದು. 2020ರ ಫೆಬ್ರವರಿಯ ದೆಹಲಿ ಗಲಭೆಯ ನಂತರ ಪೊಲೀಸರು ಮುಖ ಗುರುತಿಸುವ ತಂತ್ರಜ್ಞಾನ ಬಳಸಿದ್ದನ್ನು ಗೃಹ ಸಚಿವರೇ ಸಂಸತ್ತಿನಲ್ಲಿ ಹೇಳಿದ್ದಾರೆ. ಸಿಗ್ನಲ್ ಆ್ಯಪ್‌ನಲ್ಲಿ ಮುಖ ಮಸುಕು ಮಾಡುವ ಸೌಲಭ್ಯ 2020ರ ಜೂನ್‌ನಿಂದ ಇದೆ. ಮಸುಕಿಗಿಂತ ದಟ್ಟ ಬಣ್ಣ ಬಳಿಯುವುದು ಇನ್ನೂ ಸುರಕ್ಷಿತ. ಹೊಸದೆಂದು ಯಾವುದೋ ಆ್ಯಪ್ ಅನ್ನು ಕಣ್ಣುಮುಚ್ಚಿ ನಂಬಬೇಡಿ. ಹಾಂಕಾಂಗ್‌ನ 2019ರ ಹೋರಾಟಗಾರರು ಇಂಟರ್ನೆಟ್ ಇಲ್ಲದೆಯೂ ಮಾತಾಡಬಹುದೆಂದು ನೆಚ್ಚಿಕೊಂಡಿದ್ದ ಬ್ರಿಡ್ಜ್‌ಫೈ ಆ್ಯಪ್‌ನಲ್ಲಿ ಸಂದೇಶಗಳನ್ನು ಓದಬಹುದಾದಷ್ಟು ದೊಡ್ಡ ತೂತುಗಳಿದ್ದವೆಂದು ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಸಂಶೋಧಕರು 2020ರಲ್ಲಿ ತೋರಿಸಿದರು.

ತಪ್ಪು ಮಾಡದವರಿಗೆ ಇದೆಲ್ಲ ಯಾಕೆ ಎಂಬ ಪ್ರಶ್ನೆಗೆ ಉತ್ತರ ಸಂವಿಧಾನದಲ್ಲೇ ಇದೆ. ಶಾಂತಿಯುತವಾಗಿ ಸಭೆ ಸೇರುವುದು 19ನೇ ವಿಧಿ ಕೊಟ್ಟ ಹಕ್ಕು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದ ತೀರ್ಪಿಗೆ ಕಾರಣವಾದ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದ್ದು. ಆದರೆ ಪಾಸ್‌ವರ್ಡ್ ವಿಷಯದಲ್ಲಿ ಕಾನೂನು ಇನ್ನೂ ತಿಳಿಯಾಗಿಲ್ಲ. ಫೋನ್ ಶೋಧಕ್ಕೆ ಸಾಮಾನ್ಯವಾಗಿ ವಾರಂಟ್ ಬೇಕು, ಆದರೆ ಪಾಸ್‌ವರ್ಡ್ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿತು. ದೆಹಲಿಯ ಸಿಬಿಐ ವಿಶೇಷ ನ್ಯಾಯಾಲಯ 2022ರಲ್ಲಿ ಇದಕ್ಕೆ ವಿರುದ್ಧದ ನಿಲುವು ತಳೆಯಿತು.

ವಕೀಲರ ಸಹಾಯ ಬೇಕಾಗುವುದು ಇಂಥ ಕಡೆಯಲ್ಲೇ, ಮತ್ತು ಆ ಹೊತ್ತಿಗೆ ಫೋನು ಕೈಯಲ್ಲಿರುವುದಿಲ್ಲ. ಮನೆಯವರ ನಂಬರೂ ಬಾಯಿಪಾಠವಿಲ್ಲದ ಕಾಲ ಇದು. ಹೊರಡುವ ಮುಂಚೆ ಮನೆಯವರೊಬ್ಬರ ಮತ್ತು ಪರಿಚಯದ ವಕೀಲರೊಬ್ಬರ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ.