ವಾದ್ಯವೇ ಮೊದಲು ನುಡಿಯಲಿ

ಎರಡು ವರ್ಷಗಳ ಹಿಂದೆ ಮಗಳ ಸಂಗೀತಾಭ್ಯಾಸಕ್ಕೆಂದು ಒಂದು ಹಾರ್ಮೋನಿಯಂ ತರಿಸಿದ್ದೆ. ಅಂತರ್ಜಾಲದಲ್ಲಿ ಕಂಡ ಒಂದು ವಿಮರ್ಶೆಯ ವಿಡಿಯೋ ಬಿಟ್ಟರೆ ಆ ಖರೀದಿಗೆ ಬೇರೆ ಆಧಾರವಿರಲಿಲ್ಲ. ಅದರಲ್ಲಿ ವಾದ್ಯದ ನಾದವು ಗುಡಿಯ ಮಂಟಪದಲ್ಲಿ ಮೊಳಗಿದಂತಿತ್ತು. ಮನೆಗೆ ಬಂದ ಪೆಟ್ಟಿಗೆಯ ಧ್ವನಿ ಬೇರೆಯೇ ಆಗಿತ್ತು. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಆಗ ಆರನೆಯ ಇಯತ್ತೆ ಓದುತ್ತಿದ್ದ ಮಗಳು ಅದರೊಂದಿಗೆ ಕೆಲವು ವಾರ ಹಾಡಿ, ಬಳಿಕ ಹಾಡುವುದನ್ನೇ ಬಿಟ್ಟಳು. “ಅಪ್ಪಾ, ನನ್ನ ದನೀನ ಛಲೋ ಇಲ್ಲ” ಎಂಬುದು ಆಕೆಯ ತೀರ್ಮಾನ. ನಾಲ್ಕು ತಿಂಗಳ ಮೇಲೆ ಸಂಗೀತದ ಗುರುಗಳು ಮನೆಗೆ ಬಂದು ನುಡಿಸಿ ನೋಡಿದರು. ಮೂರು ಸ್ವರಗಳು ಶ್ರುತಿ ತಪ್ಪಿದ್ದವು. ತಿದಿಯಿಂದ ಗಾಳಿ ಸೋರುತ್ತಿತ್ತು. ದೋಷ ಮಗುವಿನ ಕಂಠದ್ದಾಗಿರಲಿಲ್ಲ.

ನ್ಯಾಯಾಲಯದಲ್ಲಿ ಸಾಕ್ಷಿಯ ಮಾತಿನ ತೂಕ ಎರಡು ಪ್ರಶ್ನೆಗಳ ಮೇಲೆ ನಿಲ್ಲುತ್ತದೆ: ನೀವು ಸ್ವತಃ ಕಂಡು ಕೇಳಿದ್ದೇನು? ಪಕ್ಷಕಾರರಿಗೂ ನಿಮಗೂ ಏನು ಸಂಬಂಧ? ವಾದ್ಯವಿಮರ್ಶೆಯ ವಿಡಿಯೋ ಕೂಡ ಒಂದು ಸಾಕ್ಷ್ಯವೇ. ಅದನ್ನು ನಂಬಿ ಯಾವುದೋ ಮನೆಯವರು ಕಷ್ಟಾರ್ಜಿತ ಹಣ ತೆರುತ್ತಾರೆ. ಅಂಥ ಸಾಕ್ಷ್ಯವನ್ನು ನಮ್ಮ ಮಕ್ಕಳೇ ಕನ್ನಡದಲ್ಲಿ ನುಡಿಯಬಲ್ಲರೆಂದು ತೋರಿಸಲು ಈ ಬೇಸಿಗೆಯ ರಜೆಯಲ್ಲಿ ಮಗಳನ್ನು ಕರೆದುಕೊಂಡು ಮಿರಜಕ್ಕೆ ಹೋದೆ.

ಮಿರಜ ನಮ್ಮ ಸಾಂಗಲಿ ಜಿಲ್ಲೆಯದೇ ಊರು. ತಂತಿವಾದ್ಯಗಳ ತಯಾರಿಕೆ ಅಲ್ಲಿ ಹತ್ತೊಂಬತ್ತನೆಯ ಶತಮಾನದಿಂದ ನಡೆದುಬಂದಿದೆ. ಮಿರಜದ ಸಿತಾರಿಗೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಪಂಢರಪುರದ ಸುತ್ತಿನಲ್ಲಿ ಬೆಳೆದ ಸೋರೆಬುರುಡೆ ಇಲ್ಲಿಗೆ ಬಂದು ತಂಬೂರಿಯ ಒಡಲಾಗುತ್ತದೆ. ಕುಶಲಕರ್ಮಿಯೊಬ್ಬರ ಅನುಮತಿ ಪಡೆದು ಮಗಳು ಅಲ್ಲಿ ಮೊಬೈಲಿನಲ್ಲಿ ಚಿತ್ರೀಕರಣ ಮಾಡಿದಳು. ಆಗ ಕಲಿತ ಕೆಲವು ಸಂಗತಿಗಳು ಇತರ ಮಕ್ಕಳಿಗೂ ಉಪಯುಕ್ತವಾಗಬಹುದು.

ಮೊದಲನೆಯದು, ಮಾತಿಗಿಂತ ಮುಂಚೆ ನಾದ. ಆರಂಭದ ಇಪ್ಪತ್ತು ಸೆಕೆಂಡು ವಾದ್ಯವೇ ನುಡಿಯಲಿ. ನೋಡುಗ ಬಂದಿರುವುದು ಅದನ್ನು ಕೇಳಲು. ಸ್ವಾಗತ, ವಂದನೆಗಳಿಗೆ ಆಮೇಲೆ ಅವಕಾಶವಿದೆ. ಎರಡನೆಯದು, ಧ್ವನಿಗೆ ಅಲಂಕಾರ ಬೇಡ. ಕೃತಕ ಅನುರಣನ ಸೇರಿಸಿದರೆ ಕೇಳುವುದು ಯಂತ್ರದ ಗುಣವೇ ಹೊರತು ವಾದ್ಯದ್ದಲ್ಲ. ಮೊಬೈಲಿನಲ್ಲಿ ಗದ್ದಲ ನಿವಾರಣೆಯ ಸೌಲಭ್ಯವಿದ್ದರೆ ಅದನ್ನೂ ನಿಲ್ಲಿಸಬೇಕು. ಮಾತಿಗೆಂದು ರೂಪಿಸಿದ ಅದು ತಂಬೂರಿಯ ಎಡೆಬಿಡದ ಶ್ರುತಿಯನ್ನು ಫ್ಯಾನಿನ ಸದ್ದೆಂದು ಬಗೆದು ಅಳಿಸಲು ನೋಡುತ್ತದೆ. ಫ್ಯಾನನ್ನೇ ಆರಿಸಿಬಿಡುವುದು ಒಳ್ಳೆಯದು.

ಮೂರನೆಯದು ಹೋಲಿಕೆ. ಒಂದೇ ಕೋಣೆ, ಒಂದೇ ಅಂತರ, ಒಂದೇ ಸ್ವರಸಮೂಹ. ಬದಲಾಗುವುದು ವಾದ್ಯ ಮಾತ್ರ. ಆಗ ಭೇದವನ್ನು ನಾವು ಬಣ್ಣಿಸಬೇಕಾಗಿಲ್ಲ, ಕಿವಿಯೇ ಗುರುತಿಸುತ್ತದೆ. ನಾಲ್ಕನೆಯದು, ಪರೀಕ್ಷೆಯನ್ನು ಕಣ್ಣಿಗೆ ಕಾಣಿಸುವುದು. ಹಾರ್ಮೋನಿಯಂನ ತಿದಿಗೆ ಗಾಳಿ ತುಂಬಿ, ಯಾವ ಮನೆಯನ್ನೂ ಒತ್ತದೆ ಕಾಯ್ದರೆ, ಅದು ಎಷ್ಟು ಬೇಗ ಕುಸಿಯುತ್ತದೆ ಎಂಬುದರಿಂದಲೇ ಸೋರಿಕೆ ತಿಳಿಯುತ್ತದೆ. ನಾನು ನಂಬಿದ ವಿಡಿಯೋದಲ್ಲಿ ಈ ಒಂದು ದೃಶ್ಯವಿದ್ದಿದ್ದರೆ ಸಾಕಾಗಿತ್ತು.

ಕಾನೂನಿನ ಎರಡು ಮಾತು. ವಾದ್ಯವನ್ನು ಅಂಗಡಿಯವರು ಉಚಿತವಾಗಿ ಕೊಟ್ಟಿದ್ದರೆ, ಅಥವಾ ಮಾರಾಟದಲ್ಲಿ ನಮಗೆ ಪಾಲಿದ್ದರೆ, ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ದಾರಿತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 21ನೆಯ ಕಲಮಿನಡಿ ಹತ್ತು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಇನ್ನು ಹಾಡಿನ ಆಯ್ಕೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ವಿಮರ್ಶೆಗಾಗಿ ಕೃತಿಯ ನ್ಯಾಯೋಚಿತ ಬಳಕೆಗೆ ಅವಕಾಶ ಕೊಟ್ಟಿದೆ. ಆದರೆ ವಾದ್ಯದ ವಿಮರ್ಶೆ ಮಾಡುತ್ತ ಚಲನಚಿತ್ರಗೀತೆ ನುಡಿಸಿದರೆ, ನಾವು ವಿಮರ್ಶಿಸುತ್ತಿರುವುದು ಆ ಗೀತೆಯನ್ನಲ್ಲ. ಆ ರಕ್ಷಣೆಯನ್ನು ನೆಚ್ಚಿಕೊಳ್ಳುವುದು ಕಷ್ಟ. ಸರಳೆ, ಅಲಂಕಾರಗಳನ್ನು ನುಡಿಸಿದರೆ ಈ ತೊಡಕಿಲ್ಲ. ಸ ರಿ ಗ ಮ ಯಾರೊಬ್ಬರ ಆಸ್ತಿಯೂ ಅಲ್ಲ.

ಕನ್ನಡದಲ್ಲಿ ಹೇಳಲು ಪದಗಳೆಲ್ಲಿವೆ ಎಂದು ಕೆಲವು ಪಾಲಕರು ಕೇಳುತ್ತಾರೆ. ಬುರುಡೆ, ಬಿರಡೆ, ಕುದುರೆ, ತಿದಿ, ಎಲ್ಲವೂ ನಮ್ಮಲ್ಲಿವೆ. ಮಿರಜದ ಕುಶಲಕರ್ಮಿ ‘ಜವಾರಿ’ ಎಂದಾಗ ಮಗಳು ನಕ್ಕಳು. ನಮ್ಮ ಸಂತೆಯಲ್ಲಿ ಜವಾರಿ ಎಂದರೆ ನಾಡತಳಿಯ ಬದನೆ, ಸವತೆ. ತಂಬೂರಿಯಲ್ಲಿ ಅದು ಕುದುರೆಯ ಮೇಲ್ಮೈಯನ್ನು ತಿದ್ದಿ, ತಂತಿಯ ಕೆಳಗೆ ನೂಲಿನೆಳೆಯನ್ನು ಸರಿಸಿ ಪಡೆಯುವ ಝೇಂಕಾರ. ಆ ನಗುವನ್ನೂ ಅದರ ವಿವರಣೆಯನ್ನೂ ಆಕೆ ವಿಡಿಯೋದಲ್ಲಿ ಉಳಿಸಿಕೊಂಡಳು. ಸ್ವಭಾಷೆಯಲ್ಲಿ ಮಾತನಾಡುವ ಮಗುವಿಗೆ ಬೇರೆ ಆಕರ್ಷಣೆ ಬೇಕಾಗುವುದಿಲ್ಲ.

ಊರಿಗೆ ಮರಳಿದ ಮೇಲೆ ಆಕೆ ಎರಡನೆಯ ವಿಡಿಯೋ ಮಾಡಿದಳು, ರಿಪೇರಿಯಾದ ಅದೇ ಹಾರ್ಮೋನಿಯಂ ಕುರಿತು. ಮೊದಲು ವಾದ್ಯ ನುಡಿಯಿತು. ಅನಂತರ ಆಕೆ ಹೇಳಿದಳು: “ಇದು ನಮ್ಮ ಮನೀದು. ನಮ್ಮಪ್ಪ ರೊಕ್ಕಾ ಕೊಟ್ಟು ತಂದಾರ. ಇದರಾಗ ಮೂರು ಸ್ವರ ತಪ್ಪಿದ್ದವು. ನಾ ತಪ್ಪಿರಲಿಲ್ಲ.” ಬಳಿಕ ಅದರೊಂದಿಗೆ ದನಿಗೂಡಿಸಿ ಹಾಡಿದಳು.