ಇಂಟರ್‌ವಲ್‌ಗೇ ಮುಗಿದುಹೋಗುವ ರೋಮ್ ಕಥೆ!

ನಾಲ್ಕು ಬಿಳಿ ಕುದುರೆ. ರಥದ ಮೇಲೆ ಚಾರ್ಲ್‌ಟನ್ ಹೆಸ್ಟನ್. ಪಕ್ಕದಲ್ಲೇ ನುಗ್ಗಿ ಬರುವ ವಿಲನ್ನಿನ ರಥದ ಗಾಲಿಗೆ ಗರಗಸದಂಥ ಹಲ್ಲು! 1959ರ ‘ಬೆನ್‌ಹರ್’ ನೋಡಿದವರು ಪರೀಕ್ಷೆಗೆ ಓದಿದ್ದನ್ನು ಮರೆತಾರು, ಆ ರಥದ ರೇಸನ್ನು ಮರೆಯಲಾರರು. ವಿಲಿಯಂ ವೈಲರ್ ನಿರ್ದೇಶಿಸಿದ ಆ ಚಿತ್ರ ಬಾಚಿಕೊಂಡ ಆಸ್ಕರ್‌ಗಳು 11. ಅದಕ್ಕೂ ಮೊದಲು, 1951ರಲ್ಲಿ ‘ಕ್ವೋ ವಾಡಿಸ್’ ಬಂತು. ಅದರಲ್ಲಿ ಪೀಟರ್ ಉಸ್ತಿನೋವ್ ನೀರೊ ಚಕ್ರವರ್ತಿ. 1953ರಲ್ಲಿ ‘ದಿ ರೋಬ್’. ಸಿನಿಮಾಸ್ಕೋಪ್‌ನಲ್ಲಿ ತೆರೆಕಂಡ ಮೊಟ್ಟಮೊದಲ ಚಿತ್ರ ಅದು.

ಮೂರಕ್ಕೂ ಫಾರ್ಮುಲಾ ಒಂದೇ ಸ್ವಾಮಿ. ರೋಮ್ ಅಂದರೆ ವಿಲನ್. ಕ್ರಿಸ್ತನನ್ನು ನಂಬಿದವರು ಬಡಪಾಯಿಗಳು. ಚಾಟಿಯೇಟು, ಸೆರೆಮನೆ, ಮರಣದಂಡನೆ... ಕೊನೆಗೆ ಹಿನ್ನೆಲೆಯಲ್ಲಿ ಕೋರಸ್, ಪರದೆ ಮೇಲೆ ‘ದಿ ಎಂಡ್’! ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ. ಆದರೆ ಒಂದು ಮಾತು ಹೇಳಲೇಬೇಕು. ಹಾಲಿವುಡ್‌ನವರು ನಮಗೆ ತೋರಿಸಿದ್ದು ಬರೀ ಫಸ್ಟ್ ಹಾಫ್. ಅಸಲಿ ಕಥೆ ಶುರುವಾಗೋದೇ ಇಂಟರ್‌ವಲ್ ಆದಮೇಲೆ!

ಪಿಟೀಲು ಎಲ್ಲಿತ್ತು?

ಮೊದಲು ಫಸ್ಟ್ ಹಾಫ್ ನೋಡೋಣ. ಕ್ರಿ.ಶ. 64ರ ಜುಲೈನಲ್ಲಿ ರೋಮ್ ನಗರಕ್ಕೆ ಬೆಂಕಿ ಬಿತ್ತು. ಆಗ ನೀರೊ ಪಿಟೀಲು ಬಾರಿಸುತ್ತಾ ಕೂತಿದ್ದ ಅಂತ ಎಲ್ಲರೂ ಹೇಳ್ತಾರೆ. ಆದರೆ ಈ ಪಿಟೀಲು ಹುಟ್ಟಿದ್ದೇ 16ನೇ ಶತಮಾನದಲ್ಲಿ! ಬೆಂಕಿ ಬಿದ್ದಾಗ ಆಸಾಮಿ ಊರಲ್ಲೂ ಇರಲಿಲ್ಲ, ಆಂಟಿಯಂ ಅನ್ನೋ ಕಡಲತೀರದ ಊರಲ್ಲಿದ್ದ. ಸಿಂಹದ ಬಾಯಿಯ ಕಥೆ ಕೇಳಿದಾಗೆಲ್ಲ ನಮ್ಮ ಕಣ್ಣಮುಂದೆ ಬರುವ ಕೊಲೋಸಿಯಂ ಇದೆಯಲ್ಲ, ಅದು ಬಾಗಿಲು ತೆರೆದದ್ದು ಕ್ರಿ.ಶ. 80ರಲ್ಲಿ. ಅಷ್ಟೊತ್ತಿಗೆ ನೀರೊ ಸತ್ತು 12 ವರ್ಷ ಆಗಿತ್ತು.

ಹಾಗಂತ ನೀರೊ ಸಾಧು ಅಂತ ತಿಳೀಬೇಡಿ. ಬೆಂಕಿ ಇಟ್ಟವನು ಅವನೇ ಅಂತ ಜನ ಗುಸುಗುಸು ಮಾತಾಡತೊಡಗಿದಾಗ, ಆ ತಪ್ಪನ್ನು ತಂದು ಕ್ರೈಸ್ತರ ತಲೆಗೆ ಕಟ್ಟಿದ. ಆಗ ನಡೆದದ್ದನ್ನು ರೋಮನ್ ಇತಿಹಾಸಕಾರ ಟಾಸಿಟಸ್ ಬರೆದಿಟ್ಟಿದ್ದಾನೆ. ಕೆಲವರಿಗೆ ಪ್ರಾಣಿಗಳ ಚರ್ಮ ಹೊದಿಸಿ ನಾಯಿ ಬಿಟ್ಟರಂತೆ. ಕೆಲವರನ್ನು ಕತ್ತಲಾದ ಮೇಲೆ ದೀಪದ ಹಾಗೆ ಉರಿಸಿದರಂತೆ. ಟಾಸಿಟಸ್‌ಗೆ ಕ್ರೈಸ್ತರನ್ನು ಕಂಡರೆ ಆಗುತ್ತಿರಲಿಲ್ಲ. ಆದರೂ ನೋಡಿದ ಜನರಿಗೆ ಅಯ್ಯೋ ಅನಿಸಿತು ಅನ್ನೋದನ್ನು ಅವನು ಮುಚ್ಚಿಡಲಿಲ್ಲ.

ಧೂಪ ಹಾಕು, ಮನೆಗೆ ಹೋಗು!

ನನ್ನನ್ನು ಕೇಳಿದರೆ ನೀರೊಗಿಂತ ಹೆದರಿಕೆ ಹುಟ್ಟಿಸುವವನು ಇನ್ನೊಬ್ಬನಿದ್ದಾನೆ. ಅವನು ಹುಚ್ಚನಲ್ಲ, ಕುಡುಕನಲ್ಲ. ಚೆನ್ನಾಗಿ ಓದಿಕೊಂಡ ಸಭ್ಯ ಅಧಿಕಾರಿ. ಹೆಸರು ಪ್ಲಿನಿ. ಸುಮಾರು ಕ್ರಿ.ಶ. 112ರಲ್ಲಿ ಈಗಿನ ಟರ್ಕಿಯ ಉತ್ತರ ಭಾಗಕ್ಕೆ ಗವರ್ನರ್ ಆಗಿದ್ದ. ಕ್ರೈಸ್ತರು ಅಂತ ಯಾರನ್ನಾದರೂ ಎದುರಿಗೆ ತಂದು ನಿಲ್ಲಿಸಿದರೆ, ಹೌದಾ ಅಂತ ಮೂರು ಸಲ ಕೇಳುತ್ತಿದ್ದ. ಅಲ್ಲ ಅಂದವನು ಚಕ್ರವರ್ತಿಯ ವಿಗ್ರಹಕ್ಕೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನು ಬೈದರೆ ಸಾಕು, ಮನೆಗೆ ಹೋಗಬಹುದಿತ್ತು. ಮೂರನೇ ಸಲವೂ ಹೌದು ಅಂದವನಿಗೆ ಸಾವು.

ನಿಜ ತಿಳಿಯೋಕೆ ಅಂತ ಇಬ್ಬರು ಗುಲಾಮ ಹೆಂಗಸರನ್ನು ಹಿಂಸಿಸಿಯೂ ನೋಡಿದ. ಅವನಿಗೆ ಸಿಕ್ಕಿದ್ದು ಬರೀ ಮೂಢನಂಬಿಕೆ ಮಾತ್ರ, ಅಪರಾಧ ಏನೂ ಸಿಗಲಿಲ್ಲ. ಆಮೇಲೆ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೆದು ಸಲಹೆ ಕೇಳಿದ. ಟ್ರಾಜನ್ ಉತ್ತರವೂ ಬಂತು. ಇವರನ್ನು ಹುಡುಕಿಕೊಂಡು ಹೋಗಬೇಡ, ದೂರು ಬಂದು ಸಾಬೀತಾದರೆ ಶಿಕ್ಷಿಸು, ಮೂಗರ್ಜಿಗಳನ್ನು ಮುಟ್ಟಲೇಬೇಡ ಅನ್ನೋದು ಅದರ ಸಾರಾಂಶ. ನೋಡಿ, ಎಷ್ಟು ನಾಜೂಕು! ರಥ ಇಲ್ಲ, ಸಿಂಹ ಇಲ್ಲ. ಒಂದು ಧೂಪದ ಬಟ್ಟಲು, ಒಂದು ಪ್ರಶ್ನೆ, ಒಂದು ಹೆಣ.

ಇದು ಮುಂದೆ ಇನ್ನೂ ಬೆಳೆಯಿತು. ಕ್ರಿ.ಶ. 250ರ ಹೊತ್ತಿಗೆ ಡೀಸಿಯಸ್ ಚಕ್ರವರ್ತಿ ಎಲ್ಲರೂ ದೇವರಿಗೆ ಬಲಿ ಕೊಟ್ಟು ಸರ್ಟಿಫಿಕೇಟ್ ಪಡೆಯಬೇಕು ಅಂತ ಆಜ್ಞೆ ಮಾಡಿದ. ಅಂಥ 40ಕ್ಕೂ ಹೆಚ್ಚು ಸರ್ಟಿಫಿಕೇಟುಗಳು ಈಜಿಪ್ಟಿನಲ್ಲಿ ಸಿಕ್ಕಿವೆ. ಕ್ರಿ.ಶ. 303ರಲ್ಲಿ ಡಯೋಕ್ಲೀಷಿಯನ್ ಚರ್ಚುಗಳನ್ನು ಕೆಡವಿಸಿದ, ಧರ್ಮಗ್ರಂಥಗಳನ್ನು ಸುಡಿಸಿದ. ಇಲ್ಲಿಗೆ ಇಂಟರ್‌ವಲ್!

ಸೆಕೆಂಡ್ ಹಾಫ್

ಕ್ರಿ.ಶ. 312ರ ಅಕ್ಟೋಬರ್‌ನಲ್ಲಿ ರೋಮ್ ನಗರದ ಹೊರಗಿನ ಮಿಲ್ವಿಯನ್ ಸೇತುವೆ ಹತ್ತಿರ ಕಾನ್‌ಸ್ಟಂಟೈನ್ ಯುದ್ಧ ಗೆದ್ದ. ಗೆಲ್ಲಿಸಿದ್ದು ಕ್ರೈಸ್ತರ ದೇವರು ಅಂತ ನಂಬಿದ. ಮರುವರ್ಷವೇ ಅವನೂ ಜೊತೆ ಚಕ್ರವರ್ತಿ ಲಿಸಿನಿಯಸ್ಸನೂ ಮಿಲಾನ್‌ನಲ್ಲಿ ಕೂತು ಒಪ್ಪಂದಕ್ಕೆ ಬಂದರು. ಯಾರು ಯಾವ ದೇವರನ್ನಾದರೂ ಪೂಜಿಸಲಿ, ಕಿತ್ತುಕೊಂಡ ಚರ್ಚ್ ಆಸ್ತಿ ವಾಪಸ್ ಹೋಗಲಿ! 325ರಲ್ಲಿ ನೈಸಿಯಾದಲ್ಲಿ ಬಿಷಪ್ಪರ ಮಹಾಸಭೆ ಸೇರಿಸಿದವನೂ ಕಾನ್‌ಸ್ಟಂಟೈನನೇ. ಬರುವವರಿಗೆ ಸರ್ಕಾರಿ ಸಾರಿಗೆ! ಹಿಂದಿನ ರಾಜರಿಂದ ಚಿತ್ರಹಿಂಸೆ ಉಂಡು ಮೈಮೇಲೆ ಗುರುತು ಹೊತ್ತವರೂ ಅಲ್ಲಿದ್ದರು ಅಂತ ಹಳೆಯ ಚರ್ಚ್ ಇತಿಹಾಸಕಾರರು ಬರೆದಿದ್ದಾರೆ. ಆ ದೃಶ್ಯ ಊಹಿಸಿಕೊಳ್ಳಿ!

ಹೊಡೆದ ಕೈ ಅನ್ನ ಇಟ್ಟಾಗ ಏನಾಗುತ್ತೆ? ಚರ್ಚಿನ ಮೈಗೆ ರೋಮಿನ ಅಂಗಿ ಬಂತು. ಶಿವಾಜಿನಗರದ ಬಸ್ ಸ್ಟ್ಯಾಂಡಿನಲ್ಲಿ ಇಳಿದವರಿಗೆ ಸೇಂಟ್ ಮೇರಿ ಬೆಸಿಲಿಕಾ ಗೊತ್ತೇ ಇದೆ. ಈ ಬೆಸಿಲಿಕಾ ಅನ್ನೋದು ರೋಮನ್ನರಲ್ಲಿ ದೇವಸ್ಥಾನದ ಹೆಸರಲ್ಲ. ಕೋರ್ಟು, ವ್ಯಾಪಾರ ನಡೆಯುತ್ತಿದ್ದ ದೊಡ್ಡ ಹಾಲಿನ ಹೆಸರು. ಬಿಷಪ್ಪರ ಆಡಳಿತ ಪ್ರದೇಶಕ್ಕೆ ಡಯಾಸಿಸ್ ಅಂತಾರಲ್ಲ, ಅದೂ ರೋಮನ್ ಸರ್ಕಾರದ ಆಡಳಿತ ವಿಭಾಗದ ಹೆಸರೇ!

ಅಂಗಿಯ ಜೊತೆ ಕತ್ತಿಯೂ ಬಂತು. ಕ್ರಿ.ಶ. 380ರಲ್ಲಿ ಥಿಯೋಡೋಸಿಯಸ್ ಹೊರಡಿಸಿದ ಆಜ್ಞೆ ಪ್ರಕಾರ ನೈಸಿಯಾ ಪಂಥದ ಕ್ರೈಸ್ತಧರ್ಮವೇ ಸರಿ, ಮಿಕ್ಕ ಪಂಥದವರು ಹಾದಿ ತಪ್ಪಿದವರು. 391ರಲ್ಲಿ ಹಳೆಯ ದೇವರುಗಳಿಗೆ ಬಲಿ ಕೊಡೋದು ನಿಷೇಧವಾಯಿತು. ಒಂದು ಕಾಲಕ್ಕೆ ಧೂಪ ಹಾಕದಿದ್ದರೆ ಸಾವು, ಈಗ ಹಾಕಿದರೆ ಅಪರಾಧ! 415ರಲ್ಲಿ ಅಲೆಕ್ಸಾಂಡ್ರಿಯಾ ನಗರದಲ್ಲಿ ಗಣಿತ ಕಲಿಸುತ್ತಿದ್ದ ಹೈಪೇಷಿಯಾ ಎಂಬ ವಿದುಷಿಯನ್ನು ಕ್ರೈಸ್ತರ ಗುಂಪೊಂದು ಕೊಂದುಹಾಕಿತು. ಈ ಕಥೆಗೆ ಕೈ ಹಾಕಿದ ಚಿತ್ರ 2009ರ ‘ಅಗೋರಾ’. ಅದರ ನಿರ್ದೇಶಕ ಅಲೆಹಾಂದ್ರೊ ಅಮೆನಾಬಾರ್, ನಾಯಕಿ ರೇಚಲ್ ವೈಸ್. ಸೆಕೆಂಡ್ ಹಾಫ್ ನೋಡಬೇಕು ಅನ್ನೋರು ಅದನ್ನು ನೋಡಲಿ.

ಹೀರೋ ಬೇಕಾ? ಇಲ್ಲಿದ್ದಾನೆ!

ಹಾಗಾದರೆ ಈ ಸೆಕೆಂಡ್ ಹಾಫ್‌ನಲ್ಲಿ ಹೀರೋ ಇಲ್ಲವೇ? ಇದ್ದಾನೆ, ಆದರೆ ಅವನ ಹತ್ತಿರ ರಥ ಇಲ್ಲ. ಹೈಪೇಷಿಯಾ ಸಾಯುವುದಕ್ಕೆ ಸುಮಾರು 30 ವರ್ಷ ಮೊದಲು, ಕ್ರಿ.ಶ. 385ರ ಹೊತ್ತಿಗೆ, ಸ್ಪೇನಿನ ಪ್ರಿಸಿಲಿಯನ್ ಎಂಬ ಬಿಷಪ್ಪನ ಮೇಲೆ ಬೇರೆ ಬಿಷಪ್ಪರೇ ದೂರು ಹೊತ್ತು ಮ್ಯಾಕ್ಸಿಮಸ್ ಚಕ್ರವರ್ತಿ ಹತ್ತಿರ ಹೋದರು. ಮ್ಯಾಕ್ಸಿಮಸ್ಸನೂ ಕ್ರೈಸ್ತನೇ. ಟ್ರಿಯರ್ ಎಂಬಲ್ಲಿ ಮಾಟಮಂತ್ರದ ಆರೋಪದ ಮೇಲೆ ವಿಚಾರಣೆ ನಡೆಯಿತು.

ಆಗ ಅಡ್ಡ ನಿಂತವನು ಮಾರ್ಟಿನ್. ಮೊದಲು ರೋಮನ್ ಸೈನಿಕ, ಆಮೇಲೆ ಫ್ರಾನ್ಸಿನ ಟೂರ್ಸ್ ಊರಿನ ಬಿಷಪ್. ಪ್ರಿಸಿಲಿಯನ್ನನ ಬೋಧನೆಯನ್ನು ಅವನು ಒಪ್ಪಿದವನಲ್ಲ. ತಪ್ಪು ಮಾಡಿದ್ದರೆ ಪದವಿಯಿಂದ ಇಳಿಸಿದರೆ ಸಾಕು, ರಕ್ತ ಹರಿಸಬೇಡಿ ಅಂತ ಚಕ್ರವರ್ತಿಗೆ ಅಂಗಲಾಚಿದ. ಮ್ಯಾಕ್ಸಿಮಸ್ ಮಾತು ಕೊಟ್ಟ. ಮಾರ್ಟಿನ್ ಊರು ಬಿಟ್ಟ ಮೇಲೆ ಪ್ರಿಸಿಲಿಯನ್ನನ ತಲೆ ಉರುಳಿತು! ದೂರು ಕೊಟ್ಟ ಬಿಷಪ್ಪರ ಜೊತೆ ಪೂಜೆಗೆ ನಿಲ್ಲಲಾರೆ ಅಂದ ಮಾರ್ಟಿನ್. ಇನ್ನಷ್ಟು ಜನರ ಜೀವ ಹೋಗಲಿದೆ ಅಂತ ತಿಳಿದಾಗ, ಅವರನ್ನು ಉಳಿಸೋಕೆ ಒಂದೇ ಒಂದು ಸಲ ನಿಂತ. ಅದಕ್ಕಾಗಿ ಆಮೇಲೆ ಬಹಳ ನೊಂದುಕೊಂಡ ಅಂತ ಅವನ ಶಿಷ್ಯ ಬರೆದಿಟ್ಟಿದ್ದಾನೆ.

ನಮ್ಮವನ ಪ್ರಾಣ ಉಳಿಸೋಕೆ ಫೈಟಿಂಗ್ ಮಾಡೋ ಹೀರೋಗಳು ಬೇಕಾದಷ್ಟಿದ್ದಾರೆ. ನಮಗೆ ಸರಿ ಕಾಣದವನ ಪ್ರಾಣಕ್ಕಾಗಿ, ನಮ್ಮ ಕಡೆಯವನೇ ಸಿಂಹಾಸನದ ಮೇಲೆ ಕೂತಿದ್ದಾಗ, ಅವನ ಎದುರು ಹೋಗಿ ನಿಲ್ಲೋರು ಎಷ್ಟು ಮಂದಿ ಸ್ವಾಮಿ? ಈ ಕಥೆಯನ್ನು ಯಾರಾದರೂ ಸಿನಿಮಾ ಮಾಡಲಿ, ಫಸ್ಟ್ ಡೇ ಫಸ್ಟ್ ಶೋ ಟಿಕೆಟಿಗೆ ಕ್ಯೂ ನಿಲ್ಲೋಕೆ ನಾನಂತೂ ರೆಡಿ. ನೀವು?