ಆಸ್ಪತ್ರೆಯ ಹಿತ್ತಿಲು

ಆಸ್ಪತ್ರೆಗೆ ಹೋಗಿಬಂದವರು ಅದರ ಮುಂಬಾಗಿಲ ಮಾತನ್ನು ಆಡುತ್ತಾರೆಯೇ ಹೊರತು ಹಿತ್ತಿಲ ಮಾತನ್ನು ಆಡುವುದಿಲ್ಲ. ವೈದ್ಯರ ಕೈಗುಣವನ್ನು ಹೊಗಳುವವರುಂಟು, ಔಷಧದ ಬೆಲೆಯನ್ನು ಹಳಿಯುವವರುಂಟು. ಗಾಯಕ್ಕೆ ಕಟ್ಟಿದ್ದ ಬಟ್ಟೆ, ನೆತ್ತರು ಹರಿದ ಕೊಳವೆ, ಚುಚ್ಚಿ ತೆಗೆದ ಸೂಜಿ ಇವೆಲ್ಲ ಆಮೇಲೆ ಎಲ್ಲಿಗೆ ಹೋದವೆಂದು ಕೇಳುವವರು ವಿರಳ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂಥ ನೀರಿನ ನಾಡಿನಲ್ಲಿ ಈ ಪ್ರಶ್ನೆಯನ್ನು ಕೇಳದೆ ವಿಧಿಯಿಲ್ಲ.

ಅಘನಾಶಿನಿ ಹುಟ್ಟುವುದು ಶಿರಸಿಯ ಮಗ್ಗುಲಲ್ಲಿ. ಸಿದ್ದಾಪುರದ ಕಾಡಿನಲ್ಲಿ ಅದು ಉಂಚಳ್ಳಿಯ ಜಲಪಾತವಾಗಿ ಧುಮುಕುತ್ತದೆ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ಕಣಿವೆಗಿಳಿಯುತ್ತದೆ. ವರದೆ ಬನವಾಸಿಯನ್ನು ಬಳಸಿ ಮೂಡಲಿಗೆ ಹರಿಯುತ್ತಾಳೆ. ನದಿಗಳ ಮಾತು ಹಾಗಿರಲಿ, ತೋಟದ ಮನೆಗಳಿಗೆ ಕುಡಿಯುವ ನೀರು ಬರುವುದು ಮೇಲಿನ ಗುಡ್ಡದ ಒರತೆಯಿಂದ, ಇಲ್ಲವೆ ಅಂಗಳದ ಬಾವಿಯಿಂದ. ಗುಡ್ಡದ ಮೇಲೆ ಹೂತದ್ದು ತಪ್ಪಲಿನ ಕೊಡಕ್ಕೆ ಬಾರದೆಂದು ಹೇಳುವ ಧೈರ್ಯ ಯಾರಿಗಿದೆ?

ಹೂಳುವುದು ನಮ್ಮ ಹಳೆಯ ಪದ್ಧತಿ. ಮನೆಯಲ್ಲಿಯೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಮಾಸನ್ನು ಹಿತ್ತಿಲಲ್ಲಿ ಹೂಳುತ್ತಿದ್ದರು. ಮಣ್ಣು ಅದನ್ನು ಅರಗಿಸಿಕೊಳ್ಳುತ್ತಿತ್ತು. ಈ ಸೀಮೆಯ ಬೇಸಾಯಗಾರನಿಗಂತೂ ಕಸವೆಂಬ ಮಾತೇ ಅಪರಿಚಿತವಾಗಿತ್ತೆನ್ನಬಹುದು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯದು ಗೊಬ್ಬರದ ಗುಂಡಿಗೆ, ಗುಂಡಿಯದು ಅಡಕೆ ಮರದ ಬುಡಕ್ಕೆ. ಆದರೆ ಪ್ಲಾಸ್ಟಿಕ್ಕಿನ ಸಿರಿಂಜನ್ನು ಯಾವ ಗೊಬ್ಬರದ ಗುಂಡಿಯೂ ಅರಗಿಸಲಾರದು.

ಭಾರತ ಸರ್ಕಾರ ಈ ವಿಷಯದಲ್ಲಿ ಮೊದಲು ನಿಯಮಗಳನ್ನು ಮಾಡಿದ್ದು 1998ರಲ್ಲಿ. ಅವನ್ನು ಹೊಸದಾಗಿ ಬರೆದದ್ದು 2016ರಲ್ಲಿ. ಹತ್ತಾರು ಆಸ್ಪತ್ರೆಗಳ ಕಸವನ್ನು ಒಂದೆಡೆ ಒಯ್ದು ಶುದ್ಧಿಮಾಡುವ ಸಾಮಾನ್ಯ ಕೇಂದ್ರವಿರಬೇಕು, ಅದರ ವ್ಯಾಪ್ತಿ ಸಾಮಾನ್ಯವಾಗಿ 75 ಕಿಲೋಮೀಟರು, ಸಂಸ್ಕರಿಸದ ಕಸವನ್ನು 48 ಗಂಟೆಗಳಿಗಿಂತ ಹೆಚ್ಚು ಇಟ್ಟುಕೊಳ್ಳಕೂಡದು ಎಂಬುದು ಅವುಗಳ ಸಾರ. ಅಂಥ ಕೇಂದ್ರದ ವಾಹನ ತಲುಪಲಾರದ ದೂರದ ಹಳ್ಳಿಗಳಿಗೆ ಮಾತ್ರ ಆಳದ ಗುಂಡಿಯಲ್ಲಿ ಹೂಳುವ ಅನುಮತಿಯುಂಟು. ಗುಂಡಿ ಎರಡು ಮೀಟರು ಆಳವಿರಬೇಕು. ಪ್ರತಿಸಲ ಕಸ ಹಾಕಿದಾಗಲೂ ಹತ್ತು ಸೆಂಟಿಮೀಟರು ಮಣ್ಣು ಮುಚ್ಚಬೇಕು. ಅರ್ಧ ತುಂಬಿದ ಮೇಲೆ ಸುಣ್ಣ ಹಾಕಬೇಕು. ಗುಂಡಿಯ ತಳಕ್ಕೂ ಅಂತರ್ಜಲಕ್ಕೂ ನಡುವೆ ಕನಿಷ್ಠ ಆರು ಮೀಟರು ಅಂತರವಿರಬೇಕು.

ತೊಡಕಿರುವುದು ಈ ಕೊನೆಯ ಷರತ್ತಿನಲ್ಲಿ. ಆಷಾಢ ಶ್ರಾವಣಗಳಲ್ಲಿ ಬಾವಿಯ ನೀರು ಕೈಗೆಟಕುವಷ್ಟು ಮೇಲೇರುವ ಊರುಗಳಲ್ಲಿ ಆರು ಮೀಟರು ಒಣನೆಲವನ್ನು ಎಲ್ಲಿಂದ ತರುವುದು? ಜಂಬಿಟ್ಟಿಗೆಯ ನೆಲವಾದರೋ ನೀರನ್ನು ತಡೆಯುವುದಿಲ್ಲ, ಹಾಯಬಿಡುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡವೇ ಜಾರಿತು. ಕಾನೂನು ದಯಪಾಲಿಸಿದ ಗುಂಡಿಯನ್ನು ಇಲ್ಲಿನ ನೆಲ ಒಪ್ಪುವುದಿಲ್ಲವೆಂದೇ ನನ್ನ ಎಣಿಕೆ.

ಸುಟ್ಟುಬಿಡೋಣವೆಂದರೆ ಅದೂ ಸುಲಭವಲ್ಲ. ಹಿತ್ತಿಲಲ್ಲಿ ಬೆಂಕಿ ಹಚ್ಚಿದರೆ ಕ್ಲೋರಿನ್ ಬೆರೆತ ಪ್ಲಾಸ್ಟಿಕ್ಕಿನಿಂದ ಡಯಾಕ್ಸಿನ್ ಎಂಬ ವಿಷ ಹೊರಡುತ್ತದೆ. ಅದನ್ನು ತಡೆಯಬೇಕಾದರೆ ಕುಲುಮೆಯ ಎರಡನೆಯ ಕೋಣೆ ಸುಮಾರು 1050 ಡಿಗ್ರಿ ಶಾಖದಲ್ಲಿದ್ದು, ಹೊಗೆ ಅಲ್ಲಿ ಎರಡು ಸೆಕೆಂಡಾದರೂ ನಿಲ್ಲಬೇಕು. ತಾಲೂಕಿನ ಆಸ್ಪತ್ರೆಯೊಂದು ತನ್ನಷ್ಟಕ್ಕೆ ಸಾಕಿಕೊಳ್ಳುವ ಯಂತ್ರವಲ್ಲ ಇದು.

ಹಾಗಾದರೆ ದಾರಿ ಯಾವುದು? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಆಸ್ಪತ್ರೆಯ ಕಸದಲ್ಲಿ ಸುಮಾರು 85 ಪಾಲು ನಮ್ಮ ನಿಮ್ಮ ಮನೆಯ ಕಸದಂಥದೇ: ಊಟದ ಎಲೆ, ಹಣ್ಣಿನ ಸಿಪ್ಪೆ, ಕಾಗದ. ಅಪಾಯವಿರುವುದು ಉಳಿದ 15 ಪಾಲಿನಲ್ಲಿ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ ಗಳಿಗೆಯಲ್ಲಿ ನೂರಕ್ಕೆ ನೂರೂ ವಿಷವಾಗುತ್ತದೆ. ಆದುದರಿಂದ ನಿಜವಾದ ಹೊಸತನ ನಡೆಯಬೇಕಾದದ್ದು ರೋಗಿಯ ಮಂಚದ ಪಕ್ಕದಲ್ಲಿ. ರಕ್ತ ಹತ್ತಿದ ಬಟ್ಟೆ ಹಳದಿ ಚೀಲಕ್ಕೆ, ಕೊಳವೆ ಮತ್ತು ಸೂಜಿಯಿಲ್ಲದ ಸಿರಿಂಜು ಕೆಂಪಿಗೆ, ಗಾಜು ನೀಲಿಗೆ, ಸೂಜಿ ಚುಚ್ಚಿ ಹೊರಬರಲಾರದ ಬಿಳಿಯ ಡಬ್ಬಿಗೆ. ಕೆಂಪು ಚೀಲದ್ದನ್ನು ಆಟೋಕ್ಲೇವಿನಲ್ಲಿ 121 ಡಿಗ್ರಿಯ ಹಬೆಯಲ್ಲಿ ಒಂದು ಗಂಟೆ ಬೇಯಿಸಿ, ಚೂರುಮಾಡಿದರೆ ಮರಳಿ ಬಳಕೆಗೆ ಬರುತ್ತದೆ. ಅಡಿಗೆಮನೆಯ ಕುಕ್ಕರಿನ ತತ್ತ್ವವೇ ಇದು; ಹೊಗೆಯಿಲ್ಲ, ವಿಷವಿಲ್ಲ. ಸೂಜಿಯ ಉಕ್ಕೂ ಶುದ್ಧವಾದ ಮೇಲೆ ಕಬ್ಬಿಣದ ಎರಕದ ಮನೆಗೆ ಹೋಗಬಲ್ಲುದು. ಉಳಿದ 85 ಪಾಲಿನಲ್ಲಿ ಎಲೆ ಸಿಪ್ಪೆಗಳಿಗೆ ನಮ್ಮ ಹಳೆಯ ಗೊಬ್ಬರದ ಗುಂಡಿಯೇ ಸಾಕು. ಹಳದಿ ಚೀಲವಷ್ಟೇ ಘಟ್ಟದ ದಾರಿಯಲ್ಲಿ ದೂರದ ಕೇಂದ್ರಕ್ಕೆ ಪ್ರಯಾಣ ಮಾಡಬೇಕಾದದ್ದು. ಅದು ಹಗುರಾದಷ್ಟೂ ಖರ್ಚು ಕಡಿಮೆ.

ಈ ವಿಂಗಡಣೆ ಯಾರ ಕೈಯಲ್ಲಿದೆ? ದಾದಿಯ ಕೈಯಲ್ಲಿ, ನೆಲ ಒರೆಸುವ ಆಯಾಳ ಕೈಯಲ್ಲಿ. ತಪ್ಪು ಚೀಲಕ್ಕೆ ಬಿದ್ದ ಸೂಜಿ ಮೊದಲು ಚುಚ್ಚುವುದು ಅವಳನ್ನೇ. ಕಸ ಮುಟ್ಟುವವರಿಗೆಲ್ಲ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆ ಹಾಕಿಸಬೇಕೆಂದು 2016ರ ನಿಯಮಗಳು ಹೇಳುವುದು ಇದಕ್ಕಾಗಿಯೇ. ಯಂತ್ರ ಕೊಳ್ಳುವ ಉತ್ಸಾಹದಲ್ಲಿ ಈ ಮಾತು ಹಿಂದೆ ಬೀಳಬಾರದು.

ಮಂಗನ ಕಾಯಿಲೆಯ ಸೀಮೆಯಲ್ಲಿ ಇದಕ್ಕೆ ಮತ್ತಷ್ಟು ತೂಕ. ನೆರೆಯ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಗುರುತಿಸಲ್ಪಟ್ಟ ಆ ರೋಗ 2024ರಲ್ಲಿ ಸಿದ್ದಾಪುರ ತಾಲೂಕನ್ನು ಬಹಳ ಕಾಡಿತು. ಜ್ವರ ಬಂದವರ ರಕ್ತದ ಮಾದರಿಗಳನ್ನು ಪರೀಕ್ಷೆಯಾದಲ್ಲಿಯೇ ಶುದ್ಧಿಮಾಡಿ ಅನಂತರ ಹೊರಗೆ ಕಳುಹಿಸಬೇಕೆಂಬುದು ನಿಯಮ.

ಇನ್ನು ಮನೆಮನೆಯ ಮಾತು. ಮಧುಮೇಹವುಳ್ಳವರು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಆ ಸೂಜಿಗಳು ಒಲೆಗೋ ತೋಟದ ಅಂಚಿಗೋ ಬೀಳುತ್ತವೆ. ಗಟ್ಟಿ ಮುಚ್ಚಳದ ಡಬ್ಬಿಯೊಂದರಲ್ಲಿ ಅವನ್ನು ಕೂಡಿಟ್ಟು, ಮುಂದಿನ ಸಲ ಔಷಧಕ್ಕೆ ಪೇಟೆಗೆ ಹೋದಾಗ ಒಪ್ಪಿಸಿ ಬರಲು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿಯೂ ಒಂದು ಬಿಳಿಯ ಡಬ್ಬಿ ಇಡಬಹುದಲ್ಲವೆ? ಶಾಲೆಯ ಉಪಾಧ್ಯಾಯರು ಮನಸ್ಸುಮಾಡಿದರೆ ಮಕ್ಕಳ ಮೂಲಕ ಈ ಸುದ್ದಿಯನ್ನು ಒಂದು ವಾರದಲ್ಲಿ ಕೇರಿಕೇರಿಗೂ ಮುಟ್ಟಿಸಬಲ್ಲರು.